ಬೀಗಕ್ಕೊಂದು ಕಾರಣ

ಥೂ, ಅವರ ಸುದ್ದಿ ಎತ್ತಬೇಡ ನನ್ನ ಮುಂದೆ! ಹೆಡ್‌ಮಿಸ್ಸಂತೆ, ಅಧ್ಯಕ್ಷರಂತೆ... ಒಬ್ಬರಿಗಿಂತ ಒಬ್ಬರು ಘನಂದಾರಿಗಳು. ನೀನು ಕೂತ್ಕೋ ಮೊದ್ಲು. ಆ ಬಟ್ಟೆ ರಾಶಿ ಅತ್ಲಾಗೆ ತಳ್ಳು. ಒಡಹುಟ್ಟಿದವಳು ನೀನು, ಅಕ್ಕನ ಮನೇಲಿ ಹೀಗೆ ಬಾಗಿಲ ಹತ್ರ ನಿಂತ್ಕೋತಾರಾ? ಮಗು ಹೇಗಿದ್ದಾಳೆ? ಇವತ್ತೂ ಸ್ಕೂಲಿಗೆ ಹೋಗಲ್ಲ ಅಂದ್ಳಾ? ನಾಲ್ಕು ದಿನ ಆಯ್ತಲ್ಲೇ! ಏಳು ವರ್ಷದ ಕೂಸು, ಕ್ಲಾಸಲ್ಲಿ ಎಲ್ಲರೆದುರು ಬಟ್ಟೆ ಒದ್ದೆ ಮಾಡ್ಕೊಂಡ್ರೆ ಮತ್ತೆ ಯಾವ ಮುಖ ಇಟ್ಕೊಂಡು ಹೋಗುತ್ತೆ, ಪಾಪ. ನಕ್ಕಿರ್ತಾವೆ ಉಳಿದವು. ನಗದೇ ಬಿಡ್ತಾವಾ?

ಕಕ್ಕಸಿಗೆ ಬೀಗ ಹಾಕಿಸಿದ್ದು ಯಾರು ಅಂತ ತಾನೆ ಕೇಳೋಕೆ ಬಂದಿದ್ದು? ಹೇಳ್ತೀನಿ ಕೇಳು. ಹನ್ನೊಂದು ವರ್ಷದಿಂದ ಆ ಸ್ಕೂಲ್ ಆಫೀಸಲ್ಲಿ ಟೈಪ್ ಕುಟ್ಟುತ್ತಿದ್ದೀನಿ. ನನಗೆ ಗೊತ್ತಿಲ್ದೆ ಅಲ್ಲೊಂದು ಗುಂಡುಸೂಜಿ ಅಲ್ಲಾಡಲ್ಲ.

ಅವತ್ತು ಕಮಿಟಿ ಮೀಟಿಂಗು. ಮೀಟಿಂಗ್ ರೂಮಿನ ಕಿಟಕಿ ತೆಗೆದ್ರೆ ಮಕ್ಕಳ ಕಕ್ಕಸು. ಅಧ್ಯಕ್ಷರು ಇನ್ನೇನು ಬಿಸ್ಕತ್ತು ಬಾಯಿಗಿಟ್ಟಿದ್ರು, ಗಾಳಿ ಬೀಸ್ತು ನೋಡು... ಮುಖ ಕಿವುಚಿಕೊಂಡು, "ಏನ್ರೀ ಇದು, ಪಾಠದ ಹೊತ್ತಲ್ಲೂ ಹೋಗ್ತಾನೇ ಇರ್ತಾವಾ?" ಅಂದ್ರು. ತೊಳೆಸಿ ಅನ್ನಲಿಲ್ಲ ಕಣೇ! ಅಷ್ಟು ದೊಡ್ಡ ಸ್ಕೂಲಿಗೆ ಒಬ್ಬಳೇ ಆಯಾ, ಇನ್ನೊಬ್ಬಳನ್ನ ಇಡಿ ಅನ್ನಲಿಲ್ಲ. ಬೀಗ ಹಾಕಿ ಅಂದ್ರು. ಬಿಡುವಿನಲ್ಲಿ ಮಾತ್ರ ತೆಗೀರಿ ಅಂದ್ರು. ಸುತ್ತ ಕೂತಿದ್ದ ಆರು ಜನ ತಲೆ ಆಡಿಸಿದ್ರು. ಲೋಟದಲ್ಲಿದ್ದ ಚಹಾ ಆರಿರಲಿಲ್ಲ, ರೂಲು ಆಗೋಯ್ತು.

ಕಾರಣಾನಾ? ಕಾರಣ ಆಮೇಲೆ! ನಮ್ಮಲ್ಲಿ ಯಾವಾಗ್ಲೂ ಮೊದ್ಲು ರೂಲು, ಆಮೇಲೆ ಕಾರಣ. ಹೆಡ್‌ಮಿಸ್ಸು ನನ್ನ ಟೇಬಲ್ ಹತ್ರ ಬಂದು, "ಪೋಷಕರಿಗೆ ಏನಾದ್ರೂ ಚೆನ್ನಾಗಿರೋದು ಬರೀರಿ, ನಿಮ್ಮ ಭಾಷೆ ಚೆನ್ನಾಗಿದೆ" ಅಂತಾರೆ.

ಬರೆದೆ. "ಮಕ್ಕಳಲ್ಲಿ ಆತ್ಮಸಂಯಮ ಹಾಗೂ ಸಮಯಪ್ರಜ್ಞೆ ಬೆಳೆಸುವ ಸದುದ್ದೇಶದಿಂದ..." ಯಾಕೆ ಹಾಗೆ ನೋಡ್ತೀಯ? ನನ್ನ ಕೆಲಸ ಅದು! ಕಾರಣ ನಂದು, ರೂಲು ನಂದಲ್ಲ. ಬರೆಯೋಕೆ ನನಗೇ ಮನಸ್ಸಿರಲಿಲ್ಲ, ನಿನ್ನಾಣೆ. ಅದೂ ಹೊಸದಾಗಿ ಎಲ್ಲಿ ಬರೆಯೋದು, ಹೋದ ವರ್ಷದ ಶೂ ಸುತ್ತೋಲೆ ತೆಗೆದು ಅದನ್ನೇ ತಿದ್ದಿದೆ. ಕೊನೇ ಸಾಲು ಅಳಿಸೋಕೆ ಮರೆತೇ ಹೋಯ್ತು. "ಪ್ರತಿ ಸೋಮವಾರ ತಪ್ಪದೆ ಪಾಲಿಶ್ ಮಾಡಿಸಿ ಕಳುಹಿಸತಕ್ಕದ್ದು." ಕಕ್ಕಸಿನ ಸುತ್ತೋಲೆಯಲ್ಲಿ! ನಾನ್ನೂರು ಮನೆಗೆ ಹೋಯ್ತು ಅದು. ಒಬ್ಬರಾದ್ರೂ ಇದೇನಪ್ಪಾ ಅಂತ ಕೇಳಿದ್ರಾ? ಕೆಳಗೆ ಸೈನ್ ಹಾಕಿ ವಾಪಸ್ ಕಳಿಸಿದ್ರು, ಅಷ್ಟೇ. ನೀನೂ ಹಾಕಿದ್ಯಲ್ಲ! ಓದಿ ಹಾಕಿದ್ಯಾ, ಓದದೇ ಹಾಕಿದ್ಯಾ?

...ಹೋಗ್ಲಿ ಬಿಡು. ನಗು ಬರುತ್ತೇನೋ ಅಂದ್ಕೊಂಡೆ.

ಆಮೇಲೆ ಪೋಷಕರ ಸಭೆ. ಅಯ್ಯೋ, ಅದೊಂದು ಅಸಹ್ಯ! ನಾನು ಬರೆದುಕೊಟ್ಟಿದ್ದನ್ನೇ ಹೆಡ್‌ಮಿಸ್ಸು ತಾವೇ ಯೋಚನೆ ಮಾಡಿದ ಹಾಗೆ ಕಣ್ಣು ಮುಚ್ಚಿ ಮುಚ್ಚಿ ಹೇಳಿದ್ರು. ಹಿಂದಿನ ಸಾಲಲ್ಲಿ ಒಬ್ಬ ಎದ್ದ, ಗ್ಯಾರೇಜಲ್ಲಿ ಮೆಕ್ಯಾನಿಕ್ಕು, ಕೈಗೆ ಹತ್ತಿದ ಗ್ರೀಸ್ ಕೂಡ ಹೋಗಿರಲಿಲ್ಲ. "ಮಿಸ್, ಚಿಕ್ಕ ಮಕ್ಕಳಿಗೆ ಅರ್ಜೆಂಟಾದ್ರೆ?" ಅಂದ. "ಬಹಳ ಒಳ್ಳೆ ಪ್ರಶ್ನೆ" ಅಂತ ಇವರು ಬರ್ಕೊಂಡ್ರು, ಮುಂದಿನ ವಿಷಯಕ್ಕೆ ಹೋದ್ರು. ಪೆನ್ನಿನ ಕ್ಯಾಪೇ ತೆಗೆದಿರಲಿಲ್ಲ ಕಣೇ! ಪಕ್ಕದಲ್ಲೇ ಕೂತಿದ್ದೆ, ಕಣ್ಣಾರೆ ನೋಡ್ದೆ. ಮೈಯೆಲ್ಲಾ ಉರಿದುಹೋಯ್ತು. ಹೇಳಬಹುದಿತ್ತು, ಹೌದು! ಹೇಳಿ ಕೆಲಸ ಕಳ್ಕೊಂಡ್ರೆ ನೀನು ಕೊಡಿಸ್ತಿದ್ಯಾ ಇನ್ನೊಂದು?

ಚಹಾ ಕುಡಿ. ಬೇಡ್ವಾ? ಯಾಕೆ, ನನ್ನ ಮೇಲೂ ಕೋಪಾನಾ?

ಹಾಗೆ ನೋಡಿದ್ರೆ ಆ ಆಯಾದೇ ತಪ್ಪು. ಕೀ ಅವಳ ಹತ್ರ ಇರತ್ತೆ. ಮಗು ಬಂದು ಕೇಳಿದ್ರೆ ತೆಗೆದು ಕೊಡೋಕೆ ಏನು ದಾಡಿ? ಅವಳಿಗೂ ಮಕ್ಕಳಿದ್ದಾವೆ, ಒಂಚೂರು ಕರುಳು ಬೇಡ್ವಾ? ಮೊದ್ಲಿಂದಲೂ ಹಾಗೇ ಅವಳು, ಮುಖ ಸಿಂಡರಿಸ್ಕೊಂಡೇ...

ಏನು?

ಏನಾದ್ರೂ ಅನ್ನೇ. ಬಯ್ಯಿ ಬೇಕಾದ್ರೆ. ಹಾಗೆ ಸುಮ್ನೆ ನೋಡಬೇಡ.

...ಸರಿ. ಆಯಾ ಅವತ್ತು ಬಂದಿರಲಿಲ್ಲ. ಬಂದ್ರೂ ಕೀ ಅವಳ ಹತ್ರ ಇರಲ್ಲ. ನನ್ನ ಡ್ರಾಯರಲ್ಲಿರತ್ತೆ. ತೀರಾ ಅರ್ಜೆಂಟಿದ್ರೆ ನೀವೇ ನೋಡಿ ಕೊಡಿ, ಸುತ್ತೋಲೇಲಿ ಮಾತ್ರ ಹಾಕಬೇಡಿ ಅಂದಿದ್ರು ಹೆಡ್‌ಮಿಸ್ಸು. ನಾನೇ ನೋಡಬೇಕಿತ್ತು.

ಬಂದಿದ್ಳು ಕಣೇ ನಿನ್ನ ಮಗಳು. ಕಾಲಿಗೆ ಕಾಲು ಹೆಣೆದುಕೊಂಡು ನಿಂತಿದ್ಳು ಟೇಬಲ್ ಮುಂದೆ. ಹೆಡ್‌ಮಿಸ್ಸು ಅಲ್ಲೇ ಎದುರಿಗೆ ಫೈಲ್ ತಿರುವಿಹಾಕ್ತಿದ್ರು. "ದೊಡ್ಡಮ್ಮಾ, ಕೀ ಕೊಡು" ಅಂದ್ಳು. ಅವರು ತಲೆ ಎತ್ತಿ ನನ್ನನ್ನ ನೋಡಿದ್ರು. ತಂಗಿ ಮಗಳಿಗೆ ಬೇರೆ ರೂಲಾ ಅಂದುಬಿಟ್ರೆ... "ಇಲ್ಲಿ ದೊಡ್ಡಮ್ಮ ಅಲ್ಲ, ಮಿಸ್ ಅನ್ನಬೇಕು" ಅಂದೆ.

ಅಂದ್ಳು ಕಣೇ. "ಮಿಸ್, ಕೀ ಕೊಡಿ" ಅಂದ್ಳು. ಬಹುವಚನ ಹಾಕಿ ಕೇಳಿದ್ಳು. ಬೆಲ್ಲಿಗೆ ಇನ್ನು ಹತ್ತೇ ನಿಮಿಷ, ತಡ್ಕೋ ಅಂದೆ. ಥೂ, ನನ್ನ ಜನ್ಮಕ್ಕಿಷ್ಟು!

ಎದ್ಯಾ? ಇರೇ, ಹೋಗಬೇಡ. ನಾನು ಬಂದು ಅವಳ ಹತ್ರ... ಬೇಡ್ವಾ? ಸರಿ, ಬರಲ್ಲ. ಒಂದೇ ಒಂದು ಹೇಳಿ ಹೋಗು. ಅವಳು ನಿನಗೆ ಎಲ್ಲಾ ಹೇಳಿದ್ದಾಳಲ್ಲ, ಯಾರು ಕೀ ಕೊಡಲಿಲ್ಲ ಅಂದ್ಳು? ದೊಡ್ಡಮ್ಮ ಅಂದ್ಳಾ?

...ಮನೇಲೂ ಮಿಸ್ಸು ಅಂತಲೇ ಅಂದ್ಳಾ?