ಮೊದಲ ಕೀ ಮೇಸ್ತ್ರಿಯದು

ಮಾಲೀಕರೇ, ಗ್ಯಾರೇಜಿನ ಗೆಳೆಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ, ನಮ್ಮನ್ನಗಲಿದ ಮೇಸ್ತ್ರಿಯ ಮಡದಿ ಅತ್ತಿಗೆಯವರೇ, ಅವರ ಮಕ್ಕಳೇ — ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನು. ಎಂಜಿನ್ ನನ್ನ ಕೆಲಸವಲ್ಲ. ಆದರೂ ಇಂದು ಎಂಜಿನ್ನಿನ ಬಗ್ಗೆಯೇ ಮಾತಾಡಬೇಕಾಗಿದೆ. ಬಲ್ಲವರು ಏನು ಮಾತಾಡಿದರೆಂದು ನೀವು ಈಗಷ್ಟೇ ಕೇಳಿದಿರಿ.

ನಮ್ಮ ಸೂಪರ್‌ವೈಸರ್ ಸಾಹೇಬರು ಇದೇ ಮೈಕಿನಲ್ಲಿ, "ಕೆಲಸದಲ್ಲಿ ನಮ್ಮ ಮೇಸ್ತ್ರಿಗೆ ಸರಿಸಾಟಿ ಯಾರೂ ಇಲ್ಲ" ಎಂದರು. ಬಹಳ ಚೆನ್ನಾಗಿ ಹೊಗಳಿದರು. ಕಣ್ಣನ್ನೂ ಒರೆಸಿಕೊಂಡರು. ಮೊನ್ನೆ ಇವರೇ — ಅದೋ, ಆ ಗೋಡೆಯ ಪಕ್ಕ ನಿಂತಿದೆಯಲ್ಲ, ಆ ಬಿಳಿ ಕಾರಿನ ಯಜಮಾನರಿಗೆ ಹೇಳಿದ್ದು ಬೇರೆ. "ಏನ್ ಮಾಡೋದು ಸರ್, ಮುದುಕಂಗೆ ಕೈ ನಡುಗ್ತಿತ್ತು. ಬೇರಿಂಗ್ ಬಿಗಿಯಾಗಿ ಕೂರಿಸಿ ಹೋಗ್ಬಿಟ್ಟಿದಾನೆ. ಎಂಜಿನ್ ಹಿಡ್ಕೊಂಡಿದೆ, ತಿರುಗ್ತಾನೇ ಇಲ್ಲ." ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಅವರ ಕಿವಿಗೂ ಬಿತ್ತು.

ಆ ಕಾರಿನದು ಮೇಸ್ತ್ರಿ ಪೂರ್ತಿ ಬಿಚ್ಚಿ ಕಟ್ಟಿದ ಕೊನೆಯ ಎಂಜಿನ್. ಎಣ್ಣೆ ತುಂಬಿದ್ದರು. ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ ನೋಡಿದ್ದರು. ಕೀ ತಿರುಗಿಸುವುದಷ್ಟೇ ಬಾಕಿ. "ಊಟ ಮಾಡ್ಕೊಂಡ್ ಬರ್ತೀನಿ, ಯಾರೂ ಮುಟ್ಬೇಡಿ" ಎಂದು ಹೋದವರು — ಮತ್ತೆ ಬರಲಿಲ್ಲ.

ಆಮೇಲೆ ನಮ್ಮ ಮೆಕ್ಯಾನಿಕ್ ಪಂಡಿತರು ಮುಟ್ಟಿದರು. ದೀಪ ಉರಿಯಿತು, ಹಾರ್ನ್ ಕೂಗಿತು. ಕೀ ತಿರುಗಿಸಿದರೆ — ಟಕ್. ಅಷ್ಟೇ. ಬ್ಯಾಟರಿ ಬದಲಾಯಿಸಿದರು — ಟಕ್. ಹೊಸ ಸ್ಟಾರ್ಟರ್ ಮೋಟಾರು ಹಾಕಿದರು — ಟಕ್. ಸುತ್ತ ನಿಂತು ಟೀ ಕುಡಿದರು. ಕೊನೆಗೆ ತೀರ್ಪು ಬಂತು: ತಪ್ಪು ಸತ್ತವನದು. ಸತ್ತವನು ಎದ್ದು ಬಂದು ಜಗಳ ಆಡುವುದಿಲ್ಲವಲ್ಲ, ಎಷ್ಟು ಅನುಕೂಲ!

ಎಂಜಿನ್ ಹಿಡಿದುಕೊಂಡಿದೆ ಎಂದಿರಲ್ಲ ಸ್ವಾಮಿ — ಸ್ಪ್ಯಾನರ್ ಹಾಕಿ ತಿರುಗಿಸಿ ನೋಡಿದಿರಾ? ಒಬ್ಬರಾದರೂ? ನಾನು ನೋಡಿದೆ. ಬಣ್ಣ ಮೆತ್ತಿದ ಈ ಕೈಯಲ್ಲೇ ನೋಡಿದೆ. ಸಲೀಸಾಗಿ ತಿರುಗುತ್ತದೆ.

ಮೇಸ್ತ್ರಿಯ ಪದ್ಧತಿ ನಿಮಗೆಲ್ಲ ಗೊತ್ತಿತ್ತು. ಗೊತ್ತಿಲ್ಲ ಎನ್ನಬೇಡಿ, ಅದಕ್ಕಾಗಿ ಬೈಸಿಕೊಳ್ಳದವರು ಇಲ್ಲಿ ಯಾರೂ ಇಲ್ಲ. ಎಂಜಿನ್ನಿಗೂ ಕಾರಿನ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದಿರುತ್ತದೆ — ಅರ್ತಿಂಗ್ ಪಟ್ಟಿ. ಅದಿಲ್ಲದೆ ದೀಪ ಉರಿದೀತು, ಹಾರ್ನ್ ಕೂಗೀತು, ಸ್ಟಾರ್ಟರ್ ಮಾತ್ರ ತಿರುಗುವುದಿಲ್ಲ. ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಮೊದಲ ಕೀ ತಾವೇ ತಿರುಗಿಸಬೇಕೆಂದು, ಅವರು ಆ ಪಟ್ಟಿಯನ್ನು ಹಾಕದೆ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. "ಅವಸರದ ನನ್ಮಕ್ಳಾ, ನಾನಿಲ್ದಾಗ ಕೀ ತಿರುಗಿಸಿ ನನ್ ಬೇರಿಂಗ್ ಸುಟ್ಟೀರಾ!" ಮೇಸ್ತ್ರಿ ಸಿಹಿಮಾತಿನವರಲ್ಲ. ನಮ್ಮ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವೂ ಇರಲಿಲ್ಲ. ಆ ಅಭಿಪ್ರಾಯ ಸರಿಯೆಂದು ಈ ವಾರ ನಾವೆಲ್ಲ ಸೇರಿ ಸಾಬೀತು ಮಾಡಿದ್ದೇವೆ.

ನಿನ್ನೆ ಅತ್ತಿಗೆ ಒಂದು ಚೀಲ ಹಿಡಿದು ನನ್ನ ಬಳಿ ಬಂದರು. "ಅವರ ಪ್ಯಾಂಟ್ ಒಗೆಯೋಕೆ ತೆಗೆದೆ ಕಣಪ್ಪ, ಜೇಬಲ್ಲಿ ಇದಿತ್ತು. ಗ್ಯಾರೇಜಿಂದೇನೋ ನೋಡು." — ಇಷ್ಟುದ್ದದ ತಾಮ್ರದ ಪಟ್ಟಿ. ಖಾಲಿ ಚೀಲ ಮಡಚುತ್ತಾ ಕೇಳಿದರು: "ಅವರ ಕೈ ನಿಜವಾಗ್ಲೂ ನಡುಗ್ತಿತ್ತಾ?"

ಉತ್ತರ ನನ್ನ ಬಾಯಿಂದ ಬೇಡ ಎಂದುಕೊಂಡೆ. ಇಂದು ಬೆಳಿಗ್ಗೆ ಪಟ್ಟಿಯನ್ನು ಅದರ ಜಾಗದಲ್ಲಿಟ್ಟು ಬಿಗಿದಿದ್ದೇನೆ. ಕೀ ಮುಟ್ಟಿಲ್ಲ. ಮೊದಲ ಕೀ ಮೇಸ್ತ್ರಿಯದು. ಅವರಿಲ್ಲದಾಗ ಅವರ ಮನೆಯವರದು.

ಅತ್ತಿಗೆ, ದಯವಿಟ್ಟು ಕಾರಿನಲ್ಲಿ ಕೂತುಕೊಳ್ಳಿ. ಗೇರು ನ್ಯೂಟ್ರಲ್‌ನಲ್ಲಿದೆ, ಹೆದರಬೇಡಿ. ಕಾರಿನ ಯಜಮಾನರೇ, ನೀವು ಹತ್ತಿರ ಬನ್ನಿ. ಸೂಪರ್‌ವೈಸರ್ ಸಾಹೇಬರೂ ಬರಲಿ — ಇನ್ನೂ ಹತ್ತಿರ. ಉಳಿದವರೆಲ್ಲ ಎದ್ದು ನಿಲ್ಲಿ. ಫೋನುಗಳನ್ನು ಆಫ್ ಮಾಡಿ. ಆ ಕೈಯ ಬಗ್ಗೆ ವಾರವೆಲ್ಲ ಸಾಕಷ್ಟು ಮಾತಾಡಿದ್ದೀರಿ. ಈಗ ಮೌನ. ಆ ಸದ್ದು ಬರುವವರೆಗೆ ಒಬ್ಬರೂ ಉಸಿರೆತ್ತಬಾರದು.

ಅತ್ತಿಗೆ — ತಿರುಗಿಸಿ.