ಅಳಿಸಿಹೋದ ಅರ್ಧ

ತನ್ನದೇ ತಪ್ಪಾದರೆ ಮಗುವಿನೆದುರಿಗೂ ‘ತಪ್ಪಾಯ್ತು’ ಎನ್ನುತ್ತೇನೆಂದು ಪೇಂಟರ್, ಮಗಳು ತೊಟ್ಟಿಲಲ್ಲಿದ್ದಾಗಲೇ ಹೆಂಡತಿಗೆ ಮಾತು ಕೊಟ್ಟಿದ್ದ. ಈ ಸಂಜೆ ಬಸ್ಸಿನ ಸಾಲಿನಲ್ಲಿ ಮಗಳು ಮುಖ ಊದಿಸಿಕೊಂಡು ನಿಂತಿದ್ದಳು. ಹಿಂದಿದ್ದವರ ಕಿವಿಯೆಲ್ಲ ಇತ್ತಲೇ.

“ಯಾಕೇ, ಮಾತೇ ಇಲ್ಲ?”

“ಲೆಕ್ಕ ತಪ್ಪಾಗಿತ್ತು. ಟೀಚರ್ ನಿಲ್ಲಿಸಿದ್ರು.”

“ನಿನ್ನ ಉತ್ತರ ಅಳಿಸಿ ನಾನೇ ತಿದ್ದಿದ್ನಲ್ಲ! ಮೂರನೇ ಎರಡನ್ನ ನಾಲ್ಕನೇ ಮೂರರಿಂದ ಗುಣಿಸೋದು. ಎರಡಕ್ಕೂ ಕೆಳಗೆ ಹನ್ನೆರಡು ಮಾಡಿ, ಮೇಲಿನದನ್ನ ಗುಣಿಸಿ, ಹೊಡೆದುಹಾಕಿದ್ರೆ ಆರು.”

“ಕೆಳಗೆ ಒಂದೇ ಮಾಡೋದು ಕೂಡೋವಾಗ, ಅಪ್ಪಾ. ಗುಣಿಸೋವಾಗ ಮೇಲಿಂದಕ್ಕೆ ಮೇಲಿಂದು, ಕೆಳಗಿಂದಕ್ಕೆ ಕೆಳಗಿಂದು. ಹನ್ನೆರಡನೇ ಆರು ಬರುತ್ತೆ. ಆರರ ಮಗ್ಗೀಲಿ ಹೊಡೆದ್ರೆ ಅರ್ಧ. ನಾನು ಅರ್ಧ ಅಂತಾನೇ ಬರ್ದಿದ್ದೆ.”

“ಗುಣಿಸಿದ್ರೆ ಜಾಸ್ತಿ ಆಗ್ಬೇಕಲ್ವೇನೇ?”

“ಅರ್ಧ ಡಬ್ಬಿ ಬಣ್ಣದಲ್ಲಿ ಅರ್ಧ ತೆಗೆದ್ರೆ ಜಾಸ್ತಿ ಆಗುತ್ತಾ?”

ಪೇಂಟರ್ ಉಗುರಿಗಂಟಿದ ಬಣ್ಣ ಕೆರೆದುಕೊಂಡ.

“ಅಪ್ಪ ತಿದ್ದಿದ್ದು ಅಂತ ಹೇಳೋದಲ್ವಾ?”

“ಎಲ್ರೂ ನಗ್ತಿದ್ರು. ನಿನ್ನ ನೋಡಿ ನಗೋದು ಬೇಡ ಅನ್ನಿಸ್ತು.”

ಅವನ ಮುಖ ಹುಳ್ಳಗಾಯಿತು. ಹಿಂದೆ ನಿಂತವರತ್ತ ಒಮ್ಮೆ ಕಣ್ಣು ಹಾಯಿಸಿದ.

“ಬಸ್ ಬಂತು, ಹತ್ತು.”

ಇಬ್ಬರೂ ಹತ್ತಿದರು. ತಪ್ಪಾಯ್ತೆಂದು ಅವನು ಹೇಳಲಿಲ್ಲ.