ಪಾರವ್ವ ಗಂಡನ ಹೆಸರು ಹೇಳಿದ್ದು

ನಗ್ರಿ, ನಗ್ರಿ! ಹೆಂಡ್ತಿ ಆಫೀಸಿಗೆ ಹೋಗಿ ಗಂಡನ್ನ ಸಾಯಿಸಿ ಬಂದಾಳಂದ್ರ ಹಿಂಗ ಹೊಟ್ಟಿ ಹಿಡ್ಕೊಂಡು ನಗಾವ್ರು ಇಡೀ ಕಲ್ಯಾಣದಾಗ ನೀವೊಬ್ರ! ಚಾ ಚೆಲ್ಲೀತು, ಕಪ್ಪು ಕೆಳಗಿಡ್ರಿ.

ಮತ್ತೇನ್ ಮಾಡ್ಲಿ? ಬಾಡಗಿ ಮನಿ ಹುಡುಕ್ಕೊಂತ ಡೊಂಬಿವಲಿ ಅಲದೆ, ಠಾಣೆ ಅಲದೆ. ಒಬ್ಬ ಏಜಂಟ ಸಂಡಾಸದಷ್ಟು ಖೋಲಿ ತೋರಿಸಿ 'ಕಿಚನ್ ಭೀ ಹೈ' ಅಂದ. ಎಲ್ಲೈತಪಾ ಅಂದ್ರ ನಾ ನಿಂತ ಜಾಗಾನ ತೋರಿಸಿದ, ಅವನ ಬಾಯಾಗ ಮಣ್ಣ ಹಾಕ! ಕಡೀಕ ಮಗ್ಗಲ ಖೋಲಿ ವಸಂತಿಬಾಯಿ ಹೇಳಿದ್ಲು, ರಬಾಳೆ ಕಡೆ ಸರಕಾರದ ಮನಿ ಅದಾವು, ಅರ್ಧಾ ಬಾಡಗಿ, ಆದ್ರ ದಿಕ್ಕಿಲ್ಲದ ಹೆಂಗಸರಿಗಷ್ಟ ಅಂತ. "ನಿಮ್ಮವ್ರು ತೀರಿಹೋಗಿದ್ದಾರೆ ಅಂತ ಹೇಳಿಬಿಡಿ ಮಾರಾಯ್ರೆ" ಅಂದ್ಲು. ಉಡುಪಿಯಾಕಿ, ತಲಿ ಭಾಳ.

ಕುಂಕುಮ ಒರಿಸಿದೆ, ತಾಳಿ ಜಂಪರದಾಗ ತುರುಕಿದೆ, ಮಾರಿ ಇಳಿಬಿಟ್ಟು ಆ ಮನಿ ಕೊಡೋ ಆಫೀಸಿನಾಗ ಹೋಗಿ ಕುಂತೆ. ಎಲ್ಲಾ ಛೊಲೋ ನಡದಿತ್ತು. ಆ ಮ್ಯಾಡಮ್ಮ, ಮರಾಠಿ ಹೆಣ್ಮಗಳು, "ಪಾರವ್ವಬಾಯಿ, ತೀರಿಕೊಂಡ ಯಜಮಾನ್ರ ಹೆಸರು?" ಅಂದ್ಲು ನೋಡ್ರಿ...

ಅಯ್ಯ ಶಿವನ! ಗಂಡನ ಹೆಸರು ಹಂಗ ಬರೇ ಹೆಂಗ ಹೇಳ್ಲಿ? ನಮ್ಮವ್ವ ಕಲಿಸಿದ್ದಲ್ಲದು. ಸೆರಗು ಬಾಯಿಗೆ ಬಂತು, ನಾಚಿಗಿ ಬಂತು, ಒಡಪು ಹೊರಗ ಬಿದ್ದಬಿಡ್ತು:

"ಕಲ್ಯಾಣ ಟೇಶನ್ನಾಗ ಮಂದಿ ಗದ್ದಲ,
ನಮ್ಮ ಮುರುಗೆಪ್ಪನಂಥಾ ಧಣಿ ಯಾರಿಗೂ ಇಲ್ಲ!"

ಮ್ಯಾಡಮ್ಮ ಪೆನ್ನು ಕೆಳಗಿಟ್ಲು. "ಬಾಯಿ, ನಮ್ಮಲ್ಲೂ ಉಖಾಣಾ ಹೇಳಿ ಗಂಡನ ಹೆಸರು ತಗೋತೀವಿ. ಗಂಡ ಸತ್ತಾಕಿ ಹೇಳಂಗಿಲ್ಲ. ಅದೂ ಹಿಂಗ ನಾಚಿಕೊಂಡು!" ಸಿಕ್ಕಬಿದ್ದೆ ನಾ!

ಹಾಂ, ಮೀಶಿ ತಿರುವ್ಕೊಳ್ರಿ! ಆಫೀಸ್ ತುಂಬ ಹೊಗಳಿ ಬಂದೀನಲ್ಲ. ಖರೇನ, ಇಂಥಾ ಧಣಿ ಯಾರಿಗದಾನು? ನನ್ನ ಒಂದ ಮಾತೂ ಕೇಳದ, ಈ ಖೋಲಿ ಬಿಡ್ತೀನಂತ ಮಾಲಕಗ ಒಪ್ಪಿಕೊಂಡು, ಅವ ಕೊಟ್ಟ ರೊಕ್ಕಾ ಎಲ್ಲಾ ಊರಾಗಿನ ತಮ್ಮನ ಕೈಯಾಗಿಟ್ಟು, ಮನಿಗೆ ಬಂದು, ಉಂಡು, ತೇಗಿ, ಆಮ್ಯಾಲ ನನಗ ಹೇಳಿದ ಧಣಿ! "ಮನಿ ನೀನ ಹುಡುಕು, ನಿನಗ ಮರಾಠಿ ಛೊಲೋ ಬರ್ತೈತಿ" ಅಂದ್ರೋ ಇಲ್ಲೋ? ಹುಡುಕಿದೆ.

ಮುಂದ? ಮುಂದೇನು... ಮ್ಯಾಡಮ್ಮ ದನಿ ಇಳಿಸಿ ಕೇಳಿದ್ಲು, "ಗಂಡ ಅದಾರ, ಆತು. ಜೋಡಿ ಇರ್ತೀರೇನು? ಗಂಡನ್ನ ಬಿಟ್ಟು ಬ್ಯಾರೆ ಇರೋ ಹೆಂಗಸರಿಗೂ ಕೊಡ್ತೀವಿ."

ಬ್ಯಾರೆ ಇರ್ತೀನಂತ ಬರಿಸಿದೆ, ಮನಿ ಸಿಕ್ಕೇತ್ರಿ! ಗಾಳಿ ಬೆಳಕು ಛೊಲೋ ಐತಿ, ನಳದಾಗ ಎರಡೂ ಹೊತ್ತು ನೀರು. ನಗ್ರಿ ಈಗ! ಸಾಯೂದು ತಪ್ಪಿತು ನಿಮಗ, ಖುಷಿ ಪಡ್ರಿ...

ಯಾಕ, ನಗಿ ನಿಂತಬಿಡ್ತು?

ಇದೂ ಸುಳ್ಳ ಹೇಳಿ ಬಂದಾಳಂತ ತಿಳ್ಕೊಂಡಿದ್ರೇನು? ಮೊದಲ್ನೇದು ಸುಳ್ಳು, ಹೌದು. ಎರಡ್ನೇದು...

ಹಂಗ ನೋಡಬ್ಯಾಡ್ರಿ. ಬೈರಿ ಬೇಕಾದ್ರ! ಒದರ್ರಿ! ತಮ್ಮ ಅದಾನಲ್ಲ ನಿಮಗ, ಇಟ್ಕೋತಾನ. ಇಷ್ಟ ವರ್ಷ ಬಾಳ್ವೆ ಮಾಡಿದಾಕಿಗೆ 'ಹೋಗಬ್ಯಾಡ' ಅಂತ ಒಂದ ಮಾತು... ಅದನ್ನರ ಅನ್ರಿ...

ಏನ್ ನೋಡಾಕತ್ತೀರಿ ಆ ಮೂಲ್ಯಾಗ? ಗಂಟು ಅದು. ನಾನ ಕಟ್ಟೀನಿ. ಬಿಚ್ಚಬ್ಯಾಡ್ರಿ... ಅದರಾಗ ನಿಮ್ಮದೊಂದು ಅಂಗೀನೂ ಇಲ್ಲ.